ಒಂದು ಟ್ಯೂಬ್ ರಕ್ತದಲ್ಲಿ ಸಿಗದ ಮಿಡಿತ

ಮುಟ್ಟು ತಿಂಗಳುಗಟ್ಟಲೆ ಹಿಂದೆಮುಂದೆ ಆಗುತ್ತಿದೆ ಅಂತಲೋ, ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗಿಲ್ಲ ಅಂತಲೋ ಡಾಕ್ಟರ ಹತ್ತಿರ ಹೋದವರ ಚೀಟಿಯಲ್ಲಿ ನಾಲ್ಕು ಹೆಸರು ಸಾಮಾನ್ಯವಾಗಿ ಇರುತ್ತವೆ. ಎಫ್‌ಎಸ್‌ಎಚ್, ಎಲ್‌ಎಚ್, ಪ್ರೊಲ್ಯಾಕ್ಟಿನ್, ಟಿಎಸ್‌ಎಚ್. ಮೊದಲೆರಡು ಅಂಡಾಶಯ, ವೃಷಣಗಳನ್ನು ನಡೆಸುವ ಹಾರ್ಮೋನುಗಳು, ಪ್ರೊಲ್ಯಾಕ್ಟಿನ್ ಎದೆಹಾಲಿನದ್ದು, ಕೊನೆಯದ್ದು ಥೈರಾಯ್ಡಿನದ್ದು. ಶಿವಮೊಗ್ಗದ ಒಂದು ಲ್ಯಾಬಿನಲ್ಲಿ ಹಾರ್ಮೋನ್ ವಿಭಾಗ ನೋಡಿಕೊಳ್ಳುವ ನನ್ನ ಕೈಗೆ ಇಂಥ ಚೀಟಿಗಳು ದಿನಾ ಬರುತ್ತವೆ. ಹಳದಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ತೆಗೆದು, ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲೆ ನಿಂತ ತಿಳಿ ಸೀರಮ್ಮನ್ನು ಮೆಷಿನ್ನಿಗೆ ಕೊಡುತ್ತೇವೆ. ಸಂಜೆ ಹೊತ್ತಿಗೆ ರಿಪೋರ್ಟ್ ಅವರವರ ಮೊಬೈಲಿಗೆ ಹೋಗುತ್ತದೆ. ಆಮೇಲೆ ಫೋನು ಶುರು.

"ಮೇಡಂ, ಹೋದ ಸಲ ಎಲ್‌ಎಚ್ 6.8 ಇತ್ತು. ಈ ಸಲ 3.9 ಬಂದಿದೆ. ಅರ್ಧಕ್ಕೆ ಇಳಿದುಬಿಟ್ಟಿದೆಯಲ್ಲ, ಏನಾಯ್ತು?"

ಬಹುತೇಕ ಸಲ ಏನೂ ಆಗಿರುವುದಿಲ್ಲ. ಎಲ್‌ಎಚ್ ರಕ್ತದಲ್ಲಿ ಒಂದೇ ಮಟ್ಟದಲ್ಲಿ ನಿಲ್ಲುವ ವಸ್ತುವೇ ಅಲ್ಲ. ಒಮ್ಮೆ ಭರ್ರನೆ ಏರುತ್ತದೆ, ನಿಧಾನಕ್ಕೆ ಇಳಿಯುತ್ತದೆ, ಒಂದೂವರೆ ಗಂಟೆ ಕಳೆದ ಮೇಲೆ ಮತ್ತೆ ಏರುತ್ತದೆ. ಏರಿದ ಹೊತ್ತಿಗೆ ಸೂಜಿ ಹಾಕಿದರೆ 6.8, ಇಳಿದ ಹೊತ್ತಿಗೆ ಹಾಕಿದರೆ 3.9. ಎರಡೂ ಸರಿಯೇ. ಎರಡೂ ಒಬ್ಬಳೇ ಹೆಂಗಸಿನದ್ದು, ಬೇಕಾದರೆ ಒಂದೇ ಬೆಳಿಗ್ಗೆಯದ್ದೂ ಆಗಬಹುದು. ಈ ಏರಿಳಿತ ಅಂಡಾಶಯದಿಂದ ಶುರುವಾಗುವುದಿಲ್ಲ. ಮೆದುಳಿನಿಂದ ಶುರುವಾಗುತ್ತದೆ. ಫೋನಿನಲ್ಲಿ ಎರಡು ನಿಮಿಷದಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ಹುಬ್ಬುಗಳ ನಡುವಿನಿಂದ ನೇರ ಒಳಗೆ, ತಲೆಯ ನಡುಭಾಗದ ತಳದಲ್ಲಿ ಹೈಪೋಥಲಾಮಸ್ ಅನ್ನುವ ಪುಟ್ಟ ಜಾಗ ಇದೆ. ಹಸಿವು, ಬಾಯಾರಿಕೆ, ಮೈಬಿಸಿ, ನಿದ್ದೆ ಎಲ್ಲದರ ಲೆಕ್ಕವೂ ಅಲ್ಲೇ. ಅದರ ಕೆಳಗೆ ತೆಳ್ಳನೆಯ ದಂಟಿನ ತುದಿಯಲ್ಲಿ ಬಟಾಣಿಯಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ. ಎಲ್‌ಎಚ್, ಎಫ್‌ಎಸ್‌ಎಚ್ ತಯಾರಾಗುವುದು ಪಿಟ್ಯುಟರಿಯಲ್ಲಿ. ಆದರೆ ಅದು ತಾನಾಗಿ ಬಿಡುವುದಿಲ್ಲ. ಮೇಲಿನಿಂದ ಜಿಎನ್‌ಆರ್‌ಎಚ್ ಎಂಬ ಹಾರ್ಮೋನು ಬಂದಾಗಲೇ ಬಿಡುವುದು. ಹತ್ತೇ ಹತ್ತು ಅಮೈನೋ ಆಮ್ಲಗಳ ಚಿಕ್ಕ ಸರಪಳಿ ಅದು. ಆ ದಂಟಿನೊಳಗಿನ ಸಣ್ಣ ರಕ್ತನಾಳಗಳಲ್ಲಿ ಕೆಲವೇ ಮಿಲಿಮೀಟರ್ ದೂರ ಹೋಗಿ ಪಿಟ್ಯುಟರಿಗೆ ತಲುಪುತ್ತದೆ. ಕೆಲವೇ ನಿಮಿಷಗಳಲ್ಲಿ ಒಡೆದುಹೋಗುತ್ತದೆ. ತೋಳಿನ ರಕ್ತದಲ್ಲಿ ಅಳೆಯುವಷ್ಟು ಉಳಿಯುವುದೇ ಇಲ್ಲ. "ನೇರವಾಗಿ ಅದನ್ನೇ ಟೆಸ್ಟ್ ಮಾಡಿಬಿಡಿ" ಅಂತ ಕೇಳಿದವರಿದ್ದಾರೆ. ಆಗುವುದಿಲ್ಲ. ಎಲ್‌ಎಚ್ ನೋಡಿ ಮೇಲೆ ಏನು ನಡೆದಿದೆ ಅಂತ ಊಹಿಸಬೇಕು.

ಮೆದುಳು ರಕ್ತದ ಮೂಲಕ ಪಿಟ್ಯುಟರಿಯನ್ನು ನಡೆಸುತ್ತದೆ ಎಂದು ಇಂಗ್ಲೆಂಡಿನ ಜೆಫ್ರಿ ಹ್ಯಾರಿಸ್ ಹೇಳಿದಾಗ ಒಪ್ಪದವರು ಬಹಳ ಇದ್ದರು. 1952ರಲ್ಲಿ ಹ್ಯಾರಿಸ್ ಮತ್ತು ಡೋರಾ ಯಾಕಬ್‌ಸನ್ ಇಲಿಗಳ ಪಿಟ್ಯುಟರಿ ತೆಗೆದು, ಬೇರೆ ಪಿಟ್ಯುಟರಿ ತುಣುಕನ್ನು ಹೈಪೋಥಲಾಮಸ್ಸಿನ ಕೆಳಗೆ ನೆಟ್ಟರು. ಆ ನಾಳಗಳು ಬಂದು ಕೂಡಿಕೊಂಡವು, ಇಲಿಗಳಿಗೆ ಮತ್ತೆ ಋತುಚಕ್ರ ಬಂತು. ಅದೇ ತುಣುಕನ್ನು ಮೆದುಳಿನ ಬೇರೆ ಜಾಗದಲ್ಲಿ ನೆಟ್ಟರೆ ಕೆಲಸ ಮಾಡಲಿಲ್ಲ. ಹಾಗಾದರೆ ಆ ನಾಳದಲ್ಲಿ ಹರಿದು ಬರುವ ವಸ್ತು ಯಾವುದು? ಅದನ್ನು ಹಿಡಿಯಲು ಅಮೆರಿಕದಲ್ಲಿ ಎರಡು ತಂಡಗಳು ವರ್ಷಗಟ್ಟಲೆ ಹಟಕ್ಕೆ ಬಿದ್ದವು. ಆಂಡ್ರೂ ಶಾಲಿಯವರ ತಂಡ ಹಂದಿಗಳ, ರೋಜರ್ ಗಿಲ್ಲೆಮಿನ್ ಅವರ ತಂಡ ಕುರಿಗಳ ಹೈಪೋಥಲಾಮಸ್ ತುಣುಕುಗಳನ್ನು ಕಸಾಯಿಖಾನೆಗಳಿಂದ ಲಕ್ಷಗಟ್ಟಲೆ ತರಿಸಿಕೊಂಡು ಅರೆದವು. ಅಷ್ಟರಿಂದ ಸಿಗುತ್ತಿದ್ದದ್ದು ಚಿಟಿಕೆಯಷ್ಟೂ ಅಲ್ಲ. 1971ರಲ್ಲಿ ಆ ಹತ್ತು ಅಮೈನೋ ಆಮ್ಲಗಳ ಸಾಲು ಗೊತ್ತಾಯಿತು. 1977ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಆ ವರ್ಷದ ಬಹುಮಾನದಲ್ಲಿ ಅರ್ಧ ಪಾಲು ರೋಸಲಿನ್ ಯಾಲೋ ಅವರದ್ದು. ರಕ್ತದಲ್ಲಿ ಕಣ್ಣಿಗೆ ಕಾಣದಷ್ಟು ಅಲ್ಪ ಪ್ರಮಾಣದಲ್ಲಿರುವ ಹಾರ್ಮೋನನ್ನು ಆಂಟಿಬಾಡಿ (ಒಂದು ನಿರ್ದಿಷ್ಟ ವಸ್ತುವನ್ನೇ ಹಿಡಿಯುವ ಪ್ರೋಟೀನು) ಮತ್ತು ವಿಕಿರಣ ಬಳಸಿ ಅಳೆಯುವ ರೇಡಿಯೋ ಇಮ್ಯೂನೋ ಅಸೇ ವಿಧಾನವನ್ನು ಕಂಡುಕೊಂಡಿದ್ದಕ್ಕೆ. ಈಗ ನಮ್ಮ ಮೆಷಿನ್ನಿನಲ್ಲಿ ವಿಕಿರಣ ಇಲ್ಲ, ಬೆಳಕು ಹೊಮ್ಮಿಸುವ ರಾಸಾಯನಿಕ ಇದೆ. ಆಂಟಿಬಾಡಿಯಿಂದ ಹಾರ್ಮೋನು ಹಿಡಿಯುವ ಉಪಾಯ ಮಾತ್ರ ಅವರದ್ದೇ. ಬೆಳಿಗ್ಗೆ ಕಂಟ್ರೋಲ್ (ಮಟ್ಟ ಮೊದಲೇ ಗೊತ್ತಿರುವ ಮಾದರಿ) ಹಾಕಿ, ಅದು ಸರಿ ಬಂತು ಅಂತ ಟಿಕ್ ಮಾಡುವಾಗ ಆ ತಾಯಿ ನನಗೆ ಎಷ್ಟೋ ಸಲ ನೆನಪಾಗುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಅವರೂ ಆಂಟಿಬಾಡಿಗಳನ್ನೇ ಹಿಡಿದುಕೊಂಡು ದೊಡ್ಡ ಕೆಲಸ ಮಾಡಿದವರು. ನಮ್ಮ ದೇವಸ್ಥಾನಗಳ ಸುತ್ತ ಓಡಾಡುವ ಬಾನೆಟ್ ಜಾತಿಯ ಕೋತಿಗಳಲ್ಲಿ ಎಲ್‌ಎಚ್ ಅಥವಾ ಎಫ್‌ಎಸ್‌ಎಚ್ ಅನ್ನು ಆಂಟಿಬಾಡಿಯಿಂದ ತಡೆದು, ಯಾವ ಹಾರ್ಮೋನು ಯಾವ ಕೆಲಸ ಮಾಡುತ್ತದೆ ಅಂತ ಬಿಡಿಸಿ ತೋರಿಸಿದರು. ಕನ್ನಡದ ವಿಜ್ಞಾನ ಪುಟಗಳಲ್ಲಿ ಅವರ ಹೆಸರು ಇನ್ನೂ ಜಾಸ್ತಿ ಬರಬೇಕಿತ್ತು.

ಜಿಎನ್‌ಆರ್‌ಎಚ್ ಸಿಕ್ಕಿದ ಕೂಡಲೇ ಎಲ್ಲರೂ ಅಂದುಕೊಂಡದ್ದು ಒಂದೇ. ಇದನ್ನು ಕೊಟ್ಟರೆ ಎಲ್‌ಎಚ್ ಏರುತ್ತದೆ, ಜಾಸ್ತಿ ಕೊಟ್ಟರೆ ಜಾಸ್ತಿ ಏರುತ್ತದೆ. ಪಿಟ್ಸ್‌ಬರ್ಗಿನಲ್ಲಿ ಅರ್ನ್ಸ್ಟ್ ನೊಬಿಲ್ ಅವರ ತಂಡ 1978ರಲ್ಲಿ ತೋರಿಸಿದ್ದು ಅದಕ್ಕೆ ಪೂರ್ತಿ ಉಲ್ಟಾ. ಈ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಪ್ರಯೋಗ ಇದೇ. ರೀಸಸ್ ಕೋತಿಗಳ ಹೈಪೋಥಲಾಮಸ್ಸಿನಲ್ಲಿ ಜಿಎನ್‌ಆರ್‌ಎಚ್ ಹೊರಡದಂತೆ ಮಾಡಿ, ಅದನ್ನು ಹೊರಗಿನಿಂದ ಕೊಟ್ಟು ನೋಡಿದರು. ಡ್ರಿಪ್ ಹಾಕಿದ ಹಾಗೆ ಒಂದೇ ಸಮನೆ ಕೊಟ್ಟಾಗ ಎಲ್‌ಎಚ್, ಎಫ್‌ಎಸ್‌ಎಚ್ ಎರಡೂ ಮೇಲೇಳಲಿಲ್ಲ. ಗಂಟೆಗೊಮ್ಮೆ 6 ನಿಮಿಷ ಮಾತ್ರ ಕೊಟ್ಟಾಗ ಎರಡೂ ಎದ್ದು ನಿಂತವು. ಅದೇ ಕೋತಿಗೆ ಮತ್ತೆ ಒಂದೇ ಸಮನೆ ಕೊಟ್ಟರೆ ಮತ್ತೆ ಬಿದ್ದವು. ಬಿಟ್ಟು ಬಿಟ್ಟು ಕೊಟ್ಟರೆ ಮತ್ತೆ ಎದ್ದವು.

ಮನೆಯ ಕಾಲಿಂಗ್ ಬೆಲ್ ನೆನಪಿಸಿಕೊಳ್ಳಿ. ಗಂಟೆಗೊಮ್ಮೆ ಒತ್ತಿದರೆ ಯಾರಾದರೂ ಎದ್ದು ಬಂದು ಬಾಗಿಲು ತೆಗೆಯುತ್ತಾರೆ. ಒತ್ತಿದ ಬೆರಳು ತೆಗೆಯದೆ ನಿಂತರೆ ಒಳಗಿನವರು ಸ್ವಿಚ್ಚೇ ಆರಿಸಿಬಿಡುತ್ತಾರೆ. ಪಿಟ್ಯುಟರಿ ಮಾಡುವುದೂ ಅದನ್ನೇ. ಜಿಎನ್‌ಆರ್‌ಎಚ್ ಎಡೆಬಿಡದೆ ಬಂದರೆ ತನ್ನ ಮೇಲಿರುವ, ಹಾರ್ಮೋನು ಬಂದು ಕೂರುವ ರಿಸೆಪ್ಟರ್‌ಗಳನ್ನು ಒಳಗೆಳೆದುಕೊಂಡು ಸುಮ್ಮನಾಗುತ್ತದೆ. ನಡುವೆ ಬಿಡುವು ಇರಬೇಕು. ಬಿಡುವು ಎಷ್ಟು ಹೊತ್ತಿನದು ಅನ್ನುವುದೂ ಮುಖ್ಯ. ಹೀಗೆ ಬಿಟ್ಟು ಬಿಟ್ಟು ಬರುವ ಹಾರ್ಮೋನಿನ ಮಿಡಿತ ಬೇಗ ಬೇಗ ಬಂದರೆ ಎಲ್‌ಎಚ್ ಜಾಸ್ತಿ, ನಿಧಾನಕ್ಕೆ ಬಂದರೆ ಎಫ್‌ಎಸ್‌ಎಚ್ ತಯಾರಿಗೆ ಅನುಕೂಲ. ಮುಟ್ಟಾದ ಮೊದಲ ಎರಡು ವಾರ ಸುಮಾರು 60ರಿಂದ 90 ನಿಮಿಷಕ್ಕೊಮ್ಮೆ ಮಿಡಿತ. ಅಂಡಾಣು ಬಿಡುಗಡೆಯಾದ ಮೇಲೆ ಅಂಡಾಶಯದ ಪ್ರೊಜೆಸ್ಟರಾನ್ ಹಾರ್ಮೋನು ಏರಿ, ಮಿಡಿತ ನಿಧಾನವಾಗುತ್ತಾ ಹೋಗಿ 3-4 ಗಂಟೆಗೊಮ್ಮೆ ಬರುತ್ತದೆ. ಪಿಸಿಒಎಸ್ (ಮುಟ್ಟು ಏರುಪೇರಾಗಿ, ಗಂಡು ಹಾರ್ಮೋನು ಹೆಚ್ಚುವ ತೊಂದರೆ) ಇರುವ ಹೆಣ್ಣುಮಕ್ಕಳಲ್ಲಿ ಬಹಳ ಜನಕ್ಕೆ ಈ ಮಿಡಿತ ನಿಧಾನವಾಗುವುದೇ ಇಲ್ಲ, ಬೇಗ ಬೇಗ ಬರುತ್ತಲೇ ಇರುತ್ತದೆ. ಹಾಗಾಗಿ ಎಲ್‌ಎಚ್ ಮೇಲೆ, ಎಫ್‌ಎಸ್‌ಎಚ್ ಕೆಳಗೆ. ಅಂಡಾಶಯದಲ್ಲಿ ಗಂಡು ಹಾರ್ಮೋನು ಹೆಚ್ಚುತ್ತದೆ, ಅಂಡಾಣು ಪೂರ್ತಿ ಬೆಳೆಯುವುದಿಲ್ಲ. ಹಾಗಂತ ಮೊಬೈಲಿನಲ್ಲಿ ಓದಿ, ಎಲ್‌ಎಚ್ ಅನ್ನು ಎಫ್‌ಎಸ್‌ಎಚ್‌ನಿಂದ ಭಾಗಿಸಿ, "ಎರಡಕ್ಕಿಂತ ಜಾಸ್ತಿ ಬಂತು, ನಂಗೆ ಪಿಸಿಒಎಸ್" ಅಂತ ತೀರ್ಮಾನಿಸಿ ಅಳಬೇಡಿ. ರಕ್ತದಲ್ಲಿ ಎಲ್‌ಎಚ್ ಅರ್ಧಕ್ಕಿಳಿಯಲು ಸುಮಾರು 20 ನಿಮಿಷ ಸಾಕು, ಎಫ್‌ಎಸ್‌ಎಚ್‌ಗೆ ಗಂಟೆಗಳೇ ಬೇಕು. ಒಂದು ಕುಣಿಯುತ್ತಿರುತ್ತದೆ, ಇನ್ನೊಂದು ನಿಂತಿರುತ್ತದೆ. ಒಂದು ಕ್ಷಣದ ರಕ್ತದಿಂದ ಆ ಲೆಕ್ಕ ಮಾಡಿ ರೋಗ ಹೇಳಲು ಬರುವುದಿಲ್ಲ.

ನೊಬಿಲ್ ಅವರ ಪ್ರಯೋಗ ತೋರಿಸಿದ ರೀತಿಯಲ್ಲೇ ಕೆಲಸ ಮಾಡುವ ಔಷಧಿ ನಮ್ಮೂರಿನ ಮೆಡಿಕಲ್ ಶಾಪಿನ ಫ್ರಿಜ್ಜಿನಲ್ಲೂ ಇರುತ್ತದೆ. ಲ್ಯುಪ್ರೊಲೈಡ್ ಇಂಜೆಕ್ಷನ್. ಜಿಎನ್‌ಆರ್‌ಎಚ್ ತರಹವೇ, ಆದರೆ ಬೇಗ ಒಡೆಯುವುದಿಲ್ಲ. ತಿಂಗಳಿಗೊಮ್ಮೆ ಚುಚ್ಚಿದರೆ ಪಿಟ್ಯುಟರಿಗೆ ಬಿಡುವೇ ಸಿಗದೆ, ಮೊದಲ ಒಂದೆರಡು ವಾರ ಹಾರ್ಮೋನು ಏರಿ, ಆಮೇಲೆ ಪೂರ್ತಿ ಕೆಳಗಿಳಿಯುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಇರುವ ಅಜ್ಜಂದಿರಿಗೆ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವುದು) ನೋವಿನ ಹೆಂಗಸರಿಗೆ, ವಯಸ್ಸಿಗೆ ಮೊದಲೇ ಮೈನೆರೆಯುತ್ತಿರುವ ಮಕ್ಕಳಿಗೆ ಇದೇ ಔಷಧಿ ಕೊಡುವುದು ಇದಕ್ಕೇ.

ಆ ಮಕ್ಕಳ ಟೆಸ್ಟ್ ನಮ್ಮಲ್ಲೂ ನಡೆಯುತ್ತದೆ. ಮೊನ್ನೆ ಮೊನ್ನೆ ಎರಡನೇ ಕ್ಲಾಸಿನ ಒಬ್ಬಳು ಅಪ್ಪನ ಜೊತೆ ಬಂದಿದ್ದಳು. ಎದೆ ಮೂಡುತ್ತಿದೆ ಅಂತ ಅಮ್ಮನಿಗೆ ಗಾಬರಿ. ಹೆಣ್ಣುಮಕ್ಕಳಲ್ಲಿ 8 ವರ್ಷಕ್ಕೆ ಮೊದಲು, ಗಂಡುಮಕ್ಕಳಲ್ಲಿ 9ಕ್ಕೆ ಮೊದಲು ಬದಲಾವಣೆ ಶುರುವಾದರೆ ಡಾಕ್ಟರು ನೋಡಲೇಬೇಕು. ಕೈಗೆ ಕ್ಯಾನುಲಾ (ನಾಳದಲ್ಲೇ ಉಳಿಯುವ ಸಣ್ಣ ಕೊಳವೆ) ಹಾಕಿ, ಮೊದಲ ರಕ್ತ ತೆಗೆದು, ಜಿಎನ್‌ಆರ್‌ಎಚ್ ತರಹದ ಒಂದು ಇಂಜೆಕ್ಷನ್ ಕೊಟ್ಟು, ಆಮೇಲೆ ಹೊತ್ತು ಹೊತ್ತಿಗೆ ಮತ್ತೆ ರಕ್ತ ತೆಗೆಯಬೇಕು. ಸೂಜಿ ಒಂದೇ ಸಲ, ರಕ್ತ ಹಲವು ಸಲ. ಅವಳು ಎಡಗೈಯಲ್ಲಿ ನವಿಲಿಗೆ ಬಣ್ಣ ತುಂಬುತ್ತಿದ್ದಳು, ಬಲಗೈ ನನ್ನ ಹತ್ತಿರ. "ಒಂದೇ ಸಲ ತೆಗೆದರೆ ಆಗಲ್ವಾ ಅಕ್ಕಾ? ಪಾಪ, ಮಗು" ಅಂದರು ಅಪ್ಪ. ನಾನು ಅವರಿಗೆ ಹೇಳಿದ್ದು ಇಷ್ಟು. ಇವಳ ಮೆದುಳಿನಲ್ಲಿ ಮಿಡಿತ ಶುರುವಾಗಿದ್ದರೆ ಪಿಟ್ಯುಟರಿ ಈಗಾಗಲೇ ತಯಾರಾಗಿರುತ್ತದೆ, ಇಂಜೆಕ್ಷನ್ನಿಗೆ ಎಲ್‌ಎಚ್ ಜಿಗಿಯುತ್ತದೆ. ಶುರುವಾಗಿಲ್ಲದಿದ್ದರೆ ಅಷ್ಟೇನೂ ಏರುವುದಿಲ್ಲ. ಎಲ್ಲಿಯವರೆಗೆ ಏರುತ್ತದೆ ಅಂತ ನೋಡಲು ಮೂರ್ನಾಲ್ಕು ಟ್ಯೂಬ್ ಬೇಕು ಅಣ್ಣಾ. ಅವರು ಮಗಳ ತಲೆ ನೇವರಿಸಿ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. ಅವಳ ಎಲ್‌ಎಚ್ ಏರಲಿಲ್ಲ. ಡಾಕ್ಟರು ಔಷಧಿ ಬೇಡ, ಆರು ತಿಂಗಳಿಗೊಮ್ಮೆ ಎತ್ತರ ನೋಡೋಣ ಅಂದರಂತೆ.

ಈ ಮಿಡಿತ ಹುಟ್ಟಿದಾಗಲೇ ಇರುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಕೂಸು ಹುಟ್ಟಿದ ಮೊದಲ ಕೆಲವು ತಿಂಗಳು ಎಲ್‌ಎಚ್, ಎಫ್‌ಎಸ್‌ಎಚ್ ಏರುತ್ತವೆ. ಆಮೇಲೆ ಮೆದುಳು ಅದನ್ನು ಅಡಗಿಸಿಡುತ್ತದೆ, ವರ್ಷಗಟ್ಟಲೆ. ಮತ್ತೆ ಎದ್ದೇಳುವುದು ಹತ್ತರ ಆಸುಪಾಸಿನಲ್ಲಿ, ಅದೂ ಮೊದಮೊದಲು ರಾತ್ರಿ, ಮಗು ನಿದ್ದೆಯಲ್ಲಿದ್ದಾಗ. ಹಗಲಿನ ರಕ್ತದಲ್ಲಿ ಏನೂ ಕಾಣುವುದಿಲ್ಲ. ಮೈಯಲ್ಲಿ ಬದಲಾವಣೆ ಕಣ್ಣಿಗೆ ಬೀಳುವ ಮೊದಲೇ ರಾತ್ರಿಗಳಲ್ಲಿ ಕೆಲಸ ಶುರುವಾಗಿರುತ್ತದೆ. ನೊಬಿಲ್ ತಂಡದವರು 1980ರಲ್ಲಿ ಇನ್ನೂ ಮರಿಯಾಗಿದ್ದ ಹೆಣ್ಣು ಕೋತಿಗಳಿಗೆ ಗಂಟೆಗೊಮ್ಮೆ ಜಿಎನ್‌ಆರ್‌ಎಚ್ ಕೊಟ್ಟರು. ಅವು ವಯಸ್ಸಿಗೆ ಮೊದಲೇ ಋತುಮತಿಯಾದವು. ಕೊಡುವುದನ್ನು ನಿಲ್ಲಿಸಿದರೆ ಮತ್ತೆ ಮರಿಗಳ ಸ್ಥಿತಿಗೇ ಮರಳಿದವು. ಅಂಡಾಶಯ, ಪಿಟ್ಯುಟರಿ ಎರಡೂ ಮೊದಲೇ ತಯಾರಾಗಿದ್ದವು. ಮೆದುಳು ಹೂಂ ಅನ್ನುವುದು ಮಾತ್ರ ಬಾಕಿ ಇತ್ತು.

ಮೆದುಳು ಹೂಂ ಅನ್ನುವುದೇ ಇಲ್ಲ ಅಂತಾದರೆ? ಹತ್ತೊಂಬತ್ತರ ಒಬ್ಬ ಹುಡುಗನ ರಕ್ತ ಬಂದಿತ್ತು. ಮೀಸೆ ಇಲ್ಲ, ದನಿ ಒಡೆದಿಲ್ಲ. ಗಂಡು ಹಾರ್ಮೋನು ಟೆಸ್ಟೊಸ್ಟರಾನ್ ತೀರಾ ಕಡಿಮೆ. ವೃಷಣದಲ್ಲೇ ತೊಂದರೆ ಇದ್ದಿದ್ದರೆ ಎಲ್‌ಎಚ್, ಎಫ್‌ಎಸ್‌ಎಚ್ ಬಹಳ ಮೇಲಿರಬೇಕಿತ್ತು, ಕೆಳಗಿನಿಂದ ಉತ್ತರ ಬರದಿದ್ದಾಗ ಪಿಟ್ಯುಟರಿ ಇನ್ನೂ ಜೋರು ಮಾಡುತ್ತದೆ. ಇವನದ್ದು ಎರಡೂ ಒಂದಕ್ಕಿಂತ ಕೆಳಗೆ. ತೊಂದರೆ ಇರುವುದು ಮೇಲೆ. ಅವನಮ್ಮ ಪಕ್ಕದಲ್ಲಿದ್ದರು. ಡಾಕ್ಟರು ಅವನಿಗೆ ಕಣ್ಣು ಮುಚ್ಚಿಸಿ ಮೂಗಿನ ಹತ್ತಿರ ಕಾಫಿ ಪುಡಿ ಹಿಡಿದರಂತೆ, ಆಮೇಲೆ ಸೋಪು. ಎರಡೂ ಗೊತ್ತಾಗಲಿಲ್ಲ. "ಇವನು ಚಿಕ್ಕಂದಿನಿಂದ ಒಗ್ಗರಣೆ ಸೀದರೂ ಹೇಳೋನಲ್ಲ. ನಾವು ಸುಮ್ನೆ ಅಸಡ್ಡೆ ಅಂದುಕೊಂಡಿದ್ವಿ" ಅಂದರು ಅಮ್ಮ.

ವಾಸನೆಗೂ ಮೀಸೆಗೂ ಏನು ಸಂಬಂಧ ಅನ್ನಿಸುತ್ತದೆ ಅಲ್ವಾ? ಸಂಬಂಧ ಇದೆ. ಜಿಎನ್‌ಆರ್‌ಎಚ್ ಮಾಡುವ ನರಕೋಶಗಳು ಮನುಷ್ಯನ ಮೆದುಳಿನಲ್ಲಿ ಇರುವುದೇ ಒಂದೆರಡು ಸಾವಿರ. ಅವು ಮೆದುಳಿನಲ್ಲಿ ಹುಟ್ಟುವುದಿಲ್ಲ. ಗರ್ಭದಲ್ಲಿರುವಾಗ ಮೂಗಾಗುವ ಜಾಗದಲ್ಲಿ ಹುಟ್ಟಿ, ವಾಸನೆಯ ನರದ ಎಳೆಗಳನ್ನು ಹಿಡಿದುಕೊಂಡು ಮೆದುಳಿಗೆ ನಡೆದು ಬರುತ್ತವೆ. 1989ರಲ್ಲಿ ಇಲಿಮರಿಗಳ ಭ್ರೂಣದಲ್ಲಿ ಇದನ್ನು ಕಂಡರು. ವಾಸನೆಯ ನರವೇ ಸರಿಯಾಗಿ ಬೆಳೆಯದಿದ್ದರೆ ಈ ಕೋಶಗಳು ದಾರಿಯಲ್ಲೇ ಉಳಿದುಬಿಡುತ್ತವೆ. ವಾಸನೆ ತಿಳಿಯದಿರುವುದು, ಪ್ರಾಯಕ್ಕೆ ಬಾರದಿರುವುದು ಎರಡೂ ಕೂಡಿ ಬರುವ ಈ ಸ್ಥಿತಿಯನ್ನು ಫ್ರಾಂಜ್ ಕಾಲ್ಮನ್ 1944ರಲ್ಲಿ ಕುಟುಂಬಗಳಲ್ಲಿ ಗುರುತಿಸಿದ್ದರು. ಅವರ ಹೆಸರಲ್ಲೇ ಕಾಲ್ಮನ್ ಸಿಂಡ್ರೋಮ್ ಅನ್ನುತ್ತಾರೆ. ಟೆಸ್ಟೊಸ್ಟರಾನ್ ಕೊಟ್ಟರೆ ಮೀಸೆ, ದನಿ, ಮೂಳೆಯ ಗಟ್ಟಿ ಎಲ್ಲ ಬರುತ್ತದೆ. ಮುಂದೆ ಮಕ್ಕಳು ಬೇಕೆಂದಾಗ ಎಲ್‌ಎಚ್ ತರಹ ಕೆಲಸ ಮಾಡುವ ಎಚ್‌ಸಿಜಿ, ಎಫ್‌ಎಸ್‌ಎಚ್ ಇಂಜೆಕ್ಷನ್‌ಗಳಿವೆ. ಬೇಗ ಬಂದಷ್ಟೂ ಒಳ್ಳೆಯದು. ಹದಿನಾಲ್ಕು ದಾಟಿದರೂ ಗಂಡುಮಗುವಿಗೆ ಏನೂ ಶುರುವಾಗಿಲ್ಲ ಅಂದರೆ "ನಮ್ಮ ಮನೆಯಲ್ಲಿ ಎಲ್ಲರೂ ಲೇಟೇ" ಅಂತ ಹತ್ತೊಂಬತ್ತರವರೆಗೆ ಕಾಯಬೇಡಿ. ನಿಜವಾಗಿ ಮನೆತನದ ಲೇಟೇ ಇರಬಹುದು. ಅದನ್ನು ಡಾಕ್ಟರು ನೋಡಿಯೇ ಹೇಳಲಿ.

ಹಾಗಾದರೆ ಈ ಒಂದೆರಡು ಸಾವಿರ ಕೋಶಗಳನ್ನು ಒಟ್ಟಿಗೆ ಮಿಡಿಯುವಂತೆ ಮಾಡುವುದು ಯಾರು? ಇದಕ್ಕೆ ಉತ್ತರ ಸಿಕ್ಕಿದ್ದು ಬಹಳ ತಡವಾಗಿ. 1996ರಲ್ಲಿ ಅಮೆರಿಕದಲ್ಲಿ ಚರ್ಮದ ಕ್ಯಾನ್ಸರ್ ಹರಡದಂತೆ ತಡೆಯುವ ಒಂದು ಜೀನ್ ಹುಡುಕಿದ್ದರು. ಅದರಿಂದ ಆಗುವ ಪ್ರೋಟೀನು ಕಿಸ್‌ಪೆಪ್ಟಿನ್. ಆಗ ಅದಕ್ಕೂ ಮುಟ್ಟಿಗೂ ನಂಟಿದೆ ಅಂತ ಯಾರಿಗೂ ಹೊಳೆದಿರಲಿಲ್ಲ. 2003ರಲ್ಲಿ ಪ್ಯಾರಿಸ್ಸಿನ ಒಂದು ತಂಡ, ಬಾಸ್ಟನ್ನಿನ ಒಂದು ತಂಡ ಬೇರೆ ಬೇರೆಯಾಗಿ ಒಂದೇ ಸಂಗತಿ ಕಂಡವು. ಪ್ರಾಯಕ್ಕೇ ಬಾರದ ಕೆಲವು ಕುಟುಂಬಗಳವರಲ್ಲಿ ಕಿಸ್‌ಪೆಪ್ಟಿನ್ನಿನ ರಿಸೆಪ್ಟರ್ ಕೆಟ್ಟಿತ್ತು. ಬಾಸ್ಟನ್ ತಂಡ ನೋಡಿದ್ದು ಸೌದಿ ಅರೇಬಿಯಾದ, ಸಂಬಂಧದಲ್ಲೇ ಮದುವೆಯಾಗುವ ದೊಡ್ಡ ಕುಟುಂಬವೊಂದನ್ನು. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ತೊಂದರೆ ಕಾಣುವ ರೋಗ ಇದು. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾಗುವ ಪದ್ಧತಿ ನಮ್ಮಲ್ಲೂ ಇದೆ. ಡಾಕ್ಟರು "ಸಂಬಂಧದಲ್ಲಿ ಮದುವೆಯಾ?" ಅಂತ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಇದೇ.

2009ರಲ್ಲಿ ಟರ್ಕಿಯ ಕುಟುಂಬಗಳಲ್ಲಿ ಇನ್ನೊಂದು ಜೀನ್ ಸಿಕ್ಕಿತು, ನ್ಯೂರೋಕೈನಿನ್ ಬಿ. ಈಗ ಗೊತ್ತಿರುವುದು ಹೀಗೆ. ಹೈಪೋಥಲಾಮಸ್ಸಿನ ಕೆಳಭಾಗದಲ್ಲಿ ಒಂದು ಗುಂಪು ನರಕೋಶಗಳಿವೆ. ಒಂದೊಂದು ಕೋಶವೂ ಮೂರು ವಸ್ತು ಮಾಡುತ್ತದೆ. ನ್ಯೂರೋಕೈನಿನ್ ಬಿ ಪಕ್ಕದ ಕೋಶಗಳನ್ನು ಎಬ್ಬಿಸುತ್ತದೆ. ಎಲ್ಲವೂ ಒಟ್ಟಿಗೆ ಎದ್ದಾಗ ಕಿಸ್‌ಪೆಪ್ಟಿನ್ ಹೊರಟು ಜಿಎನ್‌ಆರ್‌ಎಚ್ ಕೋಶಗಳನ್ನು ಮುಟ್ಟುತ್ತದೆ. ಡೈನಾರ್ಫಿನ್ ಬಂದು ಎಲ್ಲರನ್ನೂ ಸುಮ್ಮನಾಗಿಸುತ್ತದೆ. ಸ್ವಲ್ಪ ಹೊತ್ತು ಬಿಡುವು, ಮತ್ತೆ ಮೊದಲಿಂದ. ಒಂದು ಮಿಡಿತ ಅಂದರೆ ಇಷ್ಟು. ಅಂಡಾಶಯದ ಹೆಣ್ಣು ಹಾರ್ಮೋನು ಈಸ್ಟ್ರೋಜನ್ ಸಾಮಾನ್ಯವಾಗಿ ಇದನ್ನು ಹದ್ದಿನಲ್ಲಿಡುತ್ತದೆ. ತಿಂಗಳ ನಡುವೆ ಮಾತ್ರ, ಅಂಡಾಣು ಪೂರ್ತಿ ಬೆಳೆದು ಈಸ್ಟ್ರೋಜನ್ ಸುಮಾರು ಎರಡು ದಿನ ಮೇಲೇ ನಿಂತಾಗ, ಅದೇ ಈಸ್ಟ್ರೋಜನ್ ತಡೆಯುವುದು ಬಿಟ್ಟು ನೂಕುತ್ತದೆ. ಎಲ್‌ಎಚ್ ಒಮ್ಮೆಲೇ ಹಲವು ಪಟ್ಟು ಏರುತ್ತದೆ. ಅದಾದ ಸುಮಾರು 36 ಗಂಟೆಗೆ ಅಂಡಾಣು ಹೊರಬರುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಓವ್ಯುಲೇಷನ್ ಕಿಟ್ ಮೂತ್ರದಲ್ಲಿ ಹಿಡಿಯುವುದು ಈ ಏರಿಕೆಯನ್ನೇ. ನಾವು ಮುಟ್ಟಿನ ಎರಡನೆಯದೋ ಮೂರನೆಯದೋ ದಿನ ರಕ್ತ ಕೊಡಿ ಅನ್ನುವುದು, ಆಗ ಈಸ್ಟ್ರೋಜನ್ ಕಡಿಮೆ ಇದ್ದು ಎಫ್‌ಎಸ್‌ಎಚ್‌ನ ನಿಜವಾದ ತಳಮಟ್ಟ ಸಿಗುತ್ತದೆ ಅಂತ.

ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ನಿನ ಹಿಡಿತ ತಪ್ಪುತ್ತದೆ. ಈ ಕೋಶಗಳು ದಪ್ಪವಾಗಿ ಜೋರಾಗಿ ಮಿಡಿಯುತ್ತವೆ. ಮೈಬಿಸಿ ನೋಡಿಕೊಳ್ಳುವ ಕೋಶಗಳು ಅಲ್ಲೇ ಹತ್ತಿರದಲ್ಲಿವೆ, ಅವಕ್ಕೂ ಏಟು ತಾಗುತ್ತದೆ. ಫ್ಯಾನಿನ ಕೆಳಗೇ ಕೂತಿದ್ದರೂ ನಮ್ಮ ಅಕ್ಕ ಮುಖ ಕೆಂಪಾಗಿ, ಬೆವರಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾಳಲ್ಲ, ಅದು ಇದೇ. "ಸಿಟ್ಟು ಜಾಸ್ತಿ, ಅದಕ್ಕೇ ಬಿಸಿ" ಅಂತ ಭಾವ ಅಂದಾಗ ನನಗೆ ತಡೆಯಲಾಗಲಿಲ್ಲ, ಕೂರಿಸಿಕೊಂಡು ವಿವರಿಸಿದೆ. ನ್ಯೂರೋಕೈನಿನ್ ಬಿ ಕೆಲಸವನ್ನು ತಡೆಯುವ ಫೆಜೊಲಿನೆಟಂಟ್ ಎಂಬ ಮಾತ್ರೆಗೆ 2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಲಿವರಿಗೆ ತೊಂದರೆ ಆಗಬಹುದು, ಹಾಗಾಗಿ ಲಿವರ್ ಟೆಸ್ಟ್ ಮಾಡಿಸುತ್ತಾ ಕೊಡಬೇಕು. ಟರ್ಕಿಯ ಯಾವುದೋ ಮನೆಗಳಲ್ಲಿ ಪ್ರಾಯಕ್ಕೆ ಬಾರದ ಮಕ್ಕಳಿಂದ ಕಲಿತ ಪಾಠ, ಐವತ್ತು ದಾಟಿದ ಹೆಂಗಸರ ಬೆವರಿಗೆ ಔಷಧಿಯಾಯಿತು. ಇದನ್ನು ಯೋಚಿಸಿದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಇನ್ನು ನಾನು ಈ ಬರಹಕ್ಕೆ ಕೂತ ಮುಖ್ಯ ಕಾರಣ. ಅದೇ ಅಕ್ಕನ ಮಗಳು ಓಟಗಾರ್ತಿ, 1500 ಮೀಟರ್. ಬೇರೆ ಜಿಲ್ಲೆಯ ಹಾಸ್ಟೆಲಿನಲ್ಲಿದ್ದಳು. ರಜೆಗೆ ಬಂದಾಗ ಕೆನ್ನೆ ಒಳಗೆ ಹೋಗಿತ್ತು. ರಾತ್ರಿ ಪಾತ್ರೆ ಒರೆಸುತ್ತಾ ನನ್ನ ಹತ್ತಿರ ಮೆಲ್ಲಗೆ ಹೇಳಿದಳು, "ಚಿಕ್ಕಮ್ಮ, ದೀಪಾವಳಿಯಿಂದ ಈಚೆ ನನಗೆ ಡೇಟೇ ಆಗಿಲ್ಲ." ಆಗ ಏಪ್ರಿಲ್. ಅಲ್ಲಿ ತರಬೇತಿ ಕೊಡುವವರು "ಒಳ್ಳೇದೇ ಆಯ್ತು, ಓಡೋಕೆ ಅನುಕೂಲ" ಅಂದಿದ್ದರಂತೆ. ಜೊತೆಯ ಹುಡುಗಿಯರಲ್ಲೂ ಇಬ್ಬರು ಮೂವರಿಗೆ ಹೀಗೇ ಅಂತೆ. ನನಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಾಯಿತು. ಏನು ತಿನ್ನುತ್ತೀಯಾ ಅಂದರೆ, ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಎರಡು ಚಪಾತಿ, ಅನ್ನ ಬಿಟ್ಟಿದ್ದಾಳೆ, ರಾತ್ರಿ ಸೌತೆಕಾಯಿ ಮತ್ತು ಮೊಟ್ಟೆಯ ಬಿಳಿ. ದಿನಕ್ಕೆ ಎರಡು ಹೊತ್ತು ಓಟ.

ಡಾಕ್ಟರ ಚೀಟಿ ತಂದು ನಮ್ಮಲ್ಲೇ ರಕ್ತ ತೆಗೆದೆವು. ಎಲ್‌ಎಚ್ ತೀರಾ ಕಡಿಮೆ, ಎಫ್‌ಎಸ್‌ಎಚ್ ಕಡಿಮೆ, ಈಸ್ಟ್ರಡಿಯೋಲ್ (ಈಸ್ಟ್ರೋಜನ್ನಿನ ಮುಖ್ಯ ರೂಪ) ತಳ ಮುಟ್ಟಿತ್ತು. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಸರಿ ಇದ್ದವು. ಗರ್ಭ ಇಲ್ಲ ಅಂತಲೂ ನೋಡಿದರು, ಯಾರಿಗೇ ಆಗಲಿ ಮೊದಲು ನೋಡುವುದೇ ಅದನ್ನು. ಸ್ಕ್ಯಾನಿನಲ್ಲಿ ಅಂಡಾಶಯ ಚೆನ್ನಾಗಿತ್ತು. ಕೆಟ್ಟದ್ದು ಏನೂ ಇಲ್ಲ. ಮೆದುಳು ಮಿಡಿತ ನಿಧಾನ ಮಾಡಿಬಿಟ್ಟಿತ್ತು, ಅಷ್ಟೇ. ಮೈಗೆ ಬರುವ ಊಟದಲ್ಲಿ ಓಟದ ಖರ್ಚು ಕಳೆದರೆ ಉಳಿಯುವುದು ತೀರಾ ಕಡಿಮೆ ಆದಾಗ, ಮೆದುಳು ಮೊದಲು ಕೈಬಿಡುವ ಕೆಲಸಗಳಲ್ಲಿ ಇದೂ ಒಂದು.

ಇದನ್ನು ಆನ್ ಲೌಕ್ಸ್ ಎಂಬವರು ಅಮೆರಿಕದ ಒಹಾಯೋದಲ್ಲಿ ಅಳೆದು ತೋರಿಸಿದ್ದಾರೆ. 2003ರ ಅಧ್ಯಯನ. ಮುಟ್ಟು ಸರಿಯಾಗಿದ್ದ ಆರೋಗ್ಯವಂತ ಹೆಂಗಸರಿಗೆ 5 ದಿನ ಅಳತೆಯ ಊಟ, ಅಳತೆಯ ವ್ಯಾಯಾಮ. ಆಮೇಲೆ 24 ಗಂಟೆ, 10 ನಿಮಿಷಕ್ಕೊಮ್ಮೆ ರಕ್ತ. ಒಬ್ಬೊಬ್ಬರಿಂದ 144 ಮಾದರಿ! ರಕ್ತ ತೆಗೆಯುವ ಕೆಲಸ ಮಾಡುವ ನನಗೆ ಆ ಸಂಖ್ಯೆಯ ಕಷ್ಟ ಗೊತ್ತು. ಮಿಡಿತ ಕಣ್ಣಿಗೆ ಬೀಳಬೇಕಾದರೆ ಬೇರೆ ದಾರಿಯಿಲ್ಲ. ಕೊಬ್ಬು ಬಿಟ್ಟು ಉಳಿದ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 30 ಕ್ಯಾಲೊರಿಗಿಂತ ಕಡಿಮೆ ಉಳಿದಾಗ ಎಲ್‌ಎಚ್ ಮಿಡಿತ ಕಡಿಮೆಯಾಯಿತು. ಬರೀ 5 ದಿನದಲ್ಲಿ. ಅಷ್ಟರಲ್ಲಿ ಯಾರೂ ಸೊರಗಿರುವುದಿಲ್ಲ. ಮೆದುಳು ತೂಕ ಇಳಿಯಲಿ ಅಂತ ಕಾಯುವುದಿಲ್ಲ.

ಮೆದುಳಿಗೆ ಇದು ತಿಳಿಯುವ ದಾರಿಗಳಲ್ಲಿ ಒಂದು ಲೆಪ್ಟಿನ್. ಮೈಕೊಬ್ಬಿನಿಂದ ಬರುವ ಹಾರ್ಮೋನು, ಅದರ ಜೀನ್ 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡಕ್ಕೆ ಸಿಕ್ಕಿತು. ಊಟ ಕಡಿಮೆಯಾದರೆ ಲೆಪ್ಟಿನ್ ಇಳಿಯುತ್ತದೆ, ಮಿಡಿತ ಹಿಂಜರಿಯುತ್ತದೆ. 2004ರಲ್ಲಿ ಹೀಗೆ ಮುಟ್ಟು ನಿಂತಿದ್ದ ಹೆಂಗಸರಿಗೆ ಲೆಪ್ಟಿನ್ ಚುಚ್ಚಿ ನೋಡಿದಾಗ ಎಲ್‌ಎಚ್ ಮಿಡಿತ ಏರಿತು, ಕೆಲವರಿಗೆ ಅಂಡಾಣುವೂ ಬಿಡುಗಡೆಯಾಯಿತು. ನಮ್ಮ ಹುಡುಗಿಗೆ ಬೇಕಾದ್ದು ಇಂಜೆಕ್ಷನ್ ಅಲ್ಲ, ಊಟ. ಓಟ ಅರ್ಧ ಮಾಡಿಸಿದರು. ಅಕ್ಕ ಅನ್ನ, ಬೇಳೆ ಹುಳಿ, ತುಪ್ಪ, ಮೊಟ್ಟೆ ಪೂರ್ತಿ, ಸಂಜೆಗೆ ಶೇಂಗಾ ಉಂಡೆ ಅಂತ ಕೂತು ತಿನ್ನಿಸಿದಳು. ಮೊದಮೊದಲು ತಟ್ಟೆ ಮುಂದೆ ಅಳುತ್ತಿದ್ದಳು ಹುಡುಗಿ. ದಪ್ಪ ಆಗ್ತೀನಿ, ಟೈಮಿಂಗ್ ಹೋಗುತ್ತೆ ಅನ್ನುವ ಹೆದರಿಕೆ. ಆ ಹೆದರಿಕೆ ಹೋಗಲು ಊಟಕ್ಕಿಂತ ಜಾಸ್ತಿ ದಿನ ಬೇಕಾಯಿತು, ಕೌನ್ಸೆಲಿಂಗೂ ಬೇಕಾಯಿತು. ಗುಳಿಗೆ ಕೊಟ್ಟು ಮುಟ್ಟು ತರಿಸಿ ಅಂತ ಅಜ್ಜಿ ಒತ್ತಾಯ ಮಾಡಿದರು. ಡಾಕ್ಟರು ಬೇಡ ಅಂದರು. ಗರ್ಭನಿರೋಧಕ ಗುಳಿಗೆ ತಿಂದರೆ ರಕ್ತ ಕಾಣಿಸುತ್ತದೆ, ಮೆದುಳಿನ ಮಿಡಿತ ಮರಳಿತೋ ಇಲ್ಲವೋ ತಿಳಿಯುವುದೇ ಇಲ್ಲ. ಈಸ್ಟ್ರೋಜನ್ ಇಲ್ಲದೆ ಮೂಳೆ ಸೊರಗುತ್ತಿರುತ್ತದೆ, ಹದಿಹರೆಯದಲ್ಲಿ ಕಟ್ಟಬೇಕಾದ ಮೂಳೆ ಆಮೇಲೆ ಅಷ್ಟು ಸುಲಭಕ್ಕೆ ಬರುವುದಿಲ್ಲ. ಆ ಹಾಸ್ಟೆಲಿನಲ್ಲಿ ಕಾಲಿನ ಮೂಳೆ ಬಿರುಕು ಬಿಟ್ಟು ಕೂತ ಹುಡುಗಿಯರಿಗೆ ಯಾರಾದರೂ ಮುಟ್ಟಿನ ವಿಷಯ ಕೇಳಿದ್ದರಾ? ಕೇಳಬೇಕು. ತರಬೇತಿ ಕೊಡುವ ಪ್ರತಿಯೊಬ್ಬರೂ ಕೇಳಬೇಕು. ಓಡುವ ಹುಡುಗಿಗೆ ಮೂರು ತಿಂಗಳು ಮುಟ್ಟು ಬಂದಿಲ್ಲ ಅನ್ನುವುದು ಶಿಸ್ತಿನ ಗುರುತಲ್ಲ.

ನವರಾತ್ರಿಯ ಹೊತ್ತಿಗೆ ಅವಳ ಎಲ್‌ಎಚ್ ಏರಿತ್ತು. ಮುಟ್ಟು ಬಂದದ್ದು ಅದಾದ ಮೇಲೆ. ಈಗಲೂ ಓಡುತ್ತಾಳೆ, ಬೇರೆ ಕಡೆ.

ಪ್ರೊಲ್ಯಾಕ್ಟಿನ್ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಹಾಲೂಡಿಸುವ ತಾಯಿಗೆ ಇದು ಏರಿರುತ್ತದೆ, ಕಿಸ್‌ಪೆಪ್ಟಿನ್ ಕೋಶಗಳನ್ನು ಅಡಗಿಸಿ ಮುಟ್ಟು ಮುಂದೂಡುತ್ತದೆ. ಹಾಲೂಡಿಸದವರಲ್ಲೂ ಏರಿದರೆ ಮುಟ್ಟು ತಪ್ಪುತ್ತದೆ. ಮೆದುಳಿನ ಡೋಪಮಿನ್ ಎಂಬ ರಾಸಾಯನಿಕ ಇದನ್ನು ಯಾವಾಗಲೂ ತಡೆದಿಟ್ಟಿರುತ್ತದೆ. ಡೋಪಮಿನ್ನಿಗೆ ಅಡ್ಡ ಬರುವ ಔಷಧಿ ತಿಂದರೆ ಪ್ರೊಲ್ಯಾಕ್ಟಿನ್ ಏರುತ್ತದೆ. ವಾಂತಿಗೆ ಕೊಡುವ ಡೊಂಪೆರಿಡೋನ್, ಮೆಟೊಕ್ಲೊಪ್ರಮೈಡ್, ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳು ಹೀಗೆ. ಗ್ಯಾಸ್ ಮಾತ್ರೆ ಅಂತ ದಿನಾ ನುಂಗುವುದರಲ್ಲೇ ಡೊಂಪೆರಿಡೋನ್ ಸೇರಿರುವುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಮೆಟ್ಟಿಲು ಹತ್ತಿ ಓಡಿ ಬಂದು ರಕ್ತ ಕೊಟ್ಟರೂ, ಸೂಜಿಗೆ ಹೆದರಿದರೂ ಸ್ವಲ್ಪ ಏರುತ್ತದೆ. ಹಾಗಾಗಿ ನಾನು ಬಂದವರನ್ನು ಮೊದಲು ಕೂರಿಸುತ್ತೇನೆ, ನೀರು ಕೊಡುತ್ತೇನೆ. ಹಾಗೆಯೇ ಕೂದಲು ಉದುರುತ್ತದೆ ಅಂತ ತಿನ್ನುವ ಬಯೋಟಿನ್ ಎಂಬ ವಿಟಮಿನ್. ಹೆಚ್ಚಿನ ಪ್ರಮಾಣದಲ್ಲಿ ತಿಂದಿದ್ದರೆ ಕೆಲವು ಬಗೆಯ ಮೆಷಿನ್ನಿನಲ್ಲಿ ಎಲ್‌ಎಚ್, ಎಫ್‌ಎಸ್‌ಎಚ್, ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಈಸ್ಟ್ರಡಿಯೋಲ್ ಇರುವುದಕ್ಕಿಂತ ಜಾಸ್ತಿ ಬರಬಹುದು. ಮೈಯಲ್ಲಿ ಎಲ್ಲ ಸರಿ ಇದ್ದು ಕಾಗದದಲ್ಲಿ ಮಾತ್ರ ರೋಗ ಕಾಣುತ್ತದೆ.

ರಕ್ತ ಕೊಡಲು ಬರುವಾಗ ಚೀಟಿಯ ಹಿಂದೆ ಇಷ್ಟು ಬರೆದುಕೊಂಡು ಬನ್ನಿ. ಕೊನೆಯ ಮುಟ್ಟಿನ ತಾರೀಕು, ತಿನ್ನುತ್ತಿರುವ ಎಲ್ಲ ಮಾತ್ರೆ, ಕೂದಲಿನದ್ದೂ ಗ್ಯಾಸಿನದ್ದೂ ಸೇರಿ, ಈಚೆಗೆ ತೂಕ ಇಳಿದಿದೆಯಾ, ಊಟ ಬಿಟ್ಟಿದ್ದೀರಾ, ಮಗುವಿಗೆ ಹಾಲೂಡಿಸುತ್ತಿದ್ದೀರಾ. ರಕ್ತ ತೆಗೆದ ಹೊತ್ತಿನ ಜೊತೆ ಅದನ್ನೂ ರಿಪೋರ್ಟಿನ ಕೆಳಗೆ ಹಾಕಿ ಅಂತ ನಮ್ಮಂಥವರನ್ನು ಕೇಳಿ. ನಾವು ಹಾಕಿಕೊಡುತ್ತೇವೆ, ಡಾಕ್ಟರಿಗೆ ಆ ನಾಲ್ಕು ಸಾಲಿನಿಂದ ಬಹಳ ತಿಳಿಯುತ್ತದೆ.